ಮೈಯ ತೂಕದ ಲೆಕ್ಕ

ಕಾಫಿಯ ಕೊಯ್ಲಿನ ಕಾಲದಲ್ಲಿ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಡೆಯ ಯಾವ ತೋಟಕ್ಕೆ ಹೋದರೂ ಸಂಜೆಯ ಹೊತ್ತು ಒಂದು ನೋಟ ಕಣ್ಣಿಗೆ ಬೀಳುವುದು. ಬೆಳಗಿನಿಂದ ಹಣ್ಣು ಬಿಡಿಸಿದ ಕೆಲಸಗಾರರು ತಮ್ಮ ತಮ್ಮ ಚೀಲಗಳನ್ನು ಹೊತ್ತು ತಂದು ತಕ್ಕಡಿಯ ಮುಂದೆ ಸಾಲಾಗಿ ನಿಲ್ಲುವರು. ತೋಟದ ರೈಟರು ಒಂದೊಂದು ಚೀಲವನ್ನೂ ತೂಗಿಸಿ, ಹೆಸರಿನ ಮುಂದೆ ಇಷ್ಟು ಕಿಲೋಗ್ರಾಂ ಎಂದು ಪುಸ್ತಕದಲ್ಲಿ ಬರೆದುಕೊಳ್ಳುವರು. ಎಲ್ಲ ಮುಗಿದ ಮೇಲೆ ಯಾರಾದರೊಬ್ಬರು ತಮಾಷೆಗೆಂದು ತಾವೇ ತಕ್ಕಡಿಯನ್ನೇರುವುದೂ ಉಂಟು. ಅಂಥ ಒಂದು ಸಂಜೆ ರೈಟರೇ ಏರಿದರೆಂದು ಭಾವಿಸೋಣ. ಮುಳ್ಳು ೭೫ ಕಿಲೋಗ್ರಾಂ ತೋರಿಸಿತು. ಹತ್ತು ವರ್ಷಗಳ ಹಿಂದೆ ಅವರ ತೂಕ ೬೫ ಇದ್ದಿತು. ಊರವರ ಚೀಲಗಳ ಲೆಕ್ಕವನ್ನು ಒಂದು ದಿನವೂ ತಪ್ಪದೆ ಇಟ್ಟವರು ತಮ್ಮ ಮೈಯ ಲೆಕ್ಕವನ್ನು ಮಾತ್ರ ಮರೆತಿದ್ದರು.

ಈ ಹತ್ತು ಕಿಲೋಗ್ರಾಂ ಎಲ್ಲಿಂದ ಬಂದಿತು? ಒಂದು ಮದುವೆಯ ಊಟದಿಂದ ಬರಲಿಲ್ಲ, ಒಂದು ಹಬ್ಬದ ಹೋಳಿಗೆಯಿಂದಲೂ ಬರಲಿಲ್ಲ. ವರ್ಷಕ್ಕೆ ಒಂದೊಂದು ಕಿಲೋಗ್ರಾಮಿನಂತೆ, ಯಾರ ಗಮನಕ್ಕೂ ಬಾರದೆ ಅದು ಸೇರಿಕೊಂಡಿತು. ಹಾಗೆ ಸದ್ದಿಲ್ಲದೆ ಬಂದುದನ್ನು ಸದ್ದಿಲ್ಲದೆಯೇ ಕಳುಹಿಸಲು ಸಾಧ್ಯವೆ? ಸಾಧ್ಯವೆಂದೇ ವಿಜ್ಞಾನ ಹೇಳುತ್ತದೆ. ಅದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ತೂಕದ ಚಿಂತೆ ಏಕೆ?

ಬೊಜ್ಜು ಪಟ್ಟಣದ ಶ್ರೀಮಂತರ ಕಾಯಿಲೆಯೆಂಬ ಭಾವನೆ ನಮ್ಮಲ್ಲಿ ಬಹುಕಾಲ ಇದ್ದಿತು. ಆ ಕಾಲ ಕಳೆಯಿತು. ೨೦೧೯ರಿಂದ ೨೦೨೧ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ, ಗಂಡಸರಿರಲಿ ಹೆಂಗಸರಿರಲಿ, ನೂರಕ್ಕೆ ಸುಮಾರು ೩೦ ಮಂದಿ ಮಿತಿಮೀರಿದ ತೂಕದವರು.

ತೂಕ ಮಿತಿಯಲ್ಲಿದೆಯೇ ಎಂದು ತಿಳಿಯಲು ಒಂದು ಸುಲಭವಾದ ಗಣಿತವುಂಟು. ಕಿಲೋಗ್ರಾಮಿನಲ್ಲಿ ಅಳೆದ ತೂಕವನ್ನು, ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಬೇಕು. ನಮ್ಮ ರೈಟರ ಎತ್ತರ ೧.೬೫ ಮೀಟರು, ಆದುದರಿಂದ ಅವರ ಸೂಚ್ಯಂಕ ೨೭.೫. ಭಾರತೀಯರಲ್ಲಿ ಈ ಅಂಕ ೨೩ನ್ನು ದಾಟಿದರೆ ತೂಕ ಹೆಚ್ಚಿತೆಂದೂ, ೨೫ನ್ನು ಮುಟ್ಟಿದರೆ ಸ್ಥೂಲತೆಯೆಂದೂ ನಮ್ಮ ದೇಶದ ವೈದ್ಯರು ಎಣಿಸುತ್ತಾರೆ. ಯೂರೋಪಿನವರಿಗೆ ಹಾಕಿದ ಗೆರೆಗಳು ಇದಕ್ಕಿಂತ ಮೇಲಿವೆ. ಈ ಭೇದವೇಕೆ? ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರೂ ಇಂಗ್ಲೆಂಡಿನ ವೈದ್ಯ ಜಾನ್ ಯಡ್ಕಿನ್ನರೂ ೨೦೦೪ರಲ್ಲಿ ತಮ್ಮ ದೇಹಗಳನ್ನೇ ಹೋಲಿಸಿ ತೋರಿಸಿದರು. ಇಬ್ಬರ ಸೂಚ್ಯಂಕವೂ ೨೨.೩. ಆದರೆ ಯಡ್ಕಿನ್ನರ ದೇಹದಲ್ಲಿ ನೂರಕ್ಕೆ ೯.೧ ಪಾಲು ಕೊಬ್ಬಿದ್ದರೆ, ಯಾಜ್ಞಿಕರಲ್ಲಿ ೨೧.೨ ಪಾಲು ಇದ್ದಿತು. ಹೊರಗೆ ತೆಳ್ಳಗೆ ಕಾಣುವ ನಮ್ಮ ದೇಹ ಒಳಗೆ ಕೊಬ್ಬನ್ನು ಅಡಗಿಸಿಕೊಳ್ಳಬಲ್ಲದು. ಅದರಲ್ಲಿಯೂ ಹೊಟ್ಟೆಯ ಸುತ್ತ. ಆದಕಾರಣ ತಕ್ಕಡಿಯೊಡನೆ ಅಳತೆಯ ಪಟ್ಟಿಯೂ ಬೇಕು. ಸೊಂಟದ ಸುತ್ತಳತೆ ಗಂಡಸರಲ್ಲಿ ೯೦ ಸೆಂಟಿಮೀಟರನ್ನೂ ಹೆಂಗಸರಲ್ಲಿ ೮೦ ಸೆಂಟಿಮೀಟರನ್ನೂ ಮೀರಬಾರದು. ಮೀರಿದರೆ ಸಕ್ಕರೆಯ ಕಾಯಿಲೆ, ರಕ್ತದ ಒತ್ತಡ, ಹೃದ್ರೋಗಗಳಿಗೆ ಬಾಗಿಲು ತೆರೆದಂತಾಗುವುದು.

ಆಯವ್ಯಯದ ಪುಸ್ತಕ

ದೇಹವನ್ನು ತಕ್ಕಡಿಯಲ್ಲಿಟ್ಟು ಲೆಕ್ಕ ನೋಡಿದವರಲ್ಲಿ ಇಟಲಿಯ ಪಾದುವಾದ ವೈದ್ಯ ಸಾಂಟೋರಿಯೋ ಮೊದಲಿಗ. ಆತ ತನ್ನ ಕುರ್ಚಿಯನ್ನು ದೊಡ್ಡ ತಕ್ಕಡಿಯ ತೋಳಿನಿಂದ ತೂಗಹಾಕಿ, ಅದರಲ್ಲಿ ಕುಳಿತು ಊಟಮಾಡುತ್ತಿದ್ದನು. ತಿಂದುದನ್ನೂ ಹೊರಹೋದುದನ್ನೂ ತೂಗುತ್ತಿದ್ದನು. ಒಳಗೆ ಹೋದುದಕ್ಕಿಂತ ಹೊರಬಂದುದು ಬಹಳ ಕಡಮೆ. ಮಿಕ್ಕುದು ಕಣ್ಣಿಗೆ ಕಾಣದೆ ಮೈಯಿಂದ ಹೋಗುತ್ತಿದೆಯೆಂದು ಆತ ೧೬೧೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಾರಿದನು. ಕಾಣದೆ ಹೋಗುವುದೇನೆಂಬುದು ಬಗೆಹರಿಯಲು ಇನ್ನೂ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ೧೭೮೦ರ ದಶಕದಲ್ಲಿ ಫ್ರಾನ್ಸಿನ ಲಾವಾಸಿಯೇ, ಉಸಿರಾಟವೂ ಒಂದು ಬಗೆಯ ನಿಧಾನವಾದ ಉರಿಯುವಿಕೆಯೇ ಎಂದು ತೋರಿಸಿದನು. ಒಲೆಯಲ್ಲಿ ಸೌದೆ ಉರಿದು ಶಾಖವನ್ನೂ ಅನಿಲವನ್ನೂ ಕೊಡುವಂತೆ, ದೇಹದಲ್ಲಿ ಅನ್ನ ಉರಿದು ಶಾಖವನ್ನೂ ಕೆಲಸದ ಶಕ್ತಿಯನ್ನೂ ಕೊಡುತ್ತದೆ. ಇಂಗಾಲದ ಡೈಆಕ್ಸೈಡೂ ನೀರಾವಿಯೂ ಉಸಿರಿನೊಡನೆ ಹೊರಹೋಗುತ್ತವೆ.

ಈ ಶಕ್ತಿಯನ್ನು ಅಳೆಯುವ ಮಾನವೇ ಕ್ಯಾಲೊರಿ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಮಾಡಲು ಬೇಕಾಗುವ ಶಾಖವೇ ಆಹಾರಶಾಸ್ತ್ರದ ಒಂದು ಕ್ಯಾಲೊರಿ. ಪಿಷ್ಟ, ಸಕ್ಕರೆ, ಸಸಾರಜನಕ ಇವು ಗ್ರಾಮಿಗೆ ಸುಮಾರು ೪ ಕ್ಯಾಲೊರಿಗಳನ್ನು ಕೊಟ್ಟರೆ, ಎಣ್ಣೆ ತುಪ್ಪಗಳು ೯ನ್ನು ಕೊಡುತ್ತವೆ. ಖರ್ಚಾಗದೆ ಉಳಿದುದನ್ನು ದೇಹ ಬಿಸಾಡುವುದಿಲ್ಲ. ಜಿಪುಣನಂತೆ ಕೊಬ್ಬಿನ ರೂಪದಲ್ಲಿ ಕೂಡಿಡುತ್ತದೆ. ಹೀಗೆ ಕೂಡಿಟ್ಟ ಒಂದು ಕಿಲೋಗ್ರಾಂ ಕೊಬ್ಬಿನ ಅಂಗಾಂಶದಲ್ಲಿ ಸುಮಾರು ೭,೭೦೦ ಕ್ಯಾಲೊರಿಗಳಿರುತ್ತವೆ.

ಖರ್ಚಿನ ಭಾಗವನ್ನೂ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು ೨೦೨೦ರಲ್ಲಿ ಕೊಟ್ಟ ಅಂಕಗಳಂತೆ, ೬೫ ಕಿಲೋಗ್ರಾಂ ತೂಕದ ಗಂಡಸು ಕುಳಿತು ಕೆಲಸಮಾಡುವವನಾದರೆ ದಿನಕ್ಕೆ ೨,೧೧೦ ಕ್ಯಾಲೊರಿ ಸಾಕು. ಮಧ್ಯಮ ಶ್ರಮದವನಿಗೆ ೨,೭೧೦, ಕಠಿಣ ದುಡಿಮೆಯವನಿಗೆ ೩,೪೭೦ ಬೇಕು. ಹಿಂದೆ ನಮ್ಮ ರೈಟರು ತೋಟದ ಏರುತಗ್ಗುಗಳಲ್ಲಿ ದಿನವಿಡೀ ನಡೆಯುತ್ತಿದ್ದರು. ಸಂತೆಗೂ ನಡೆದೇ ಹೋಗುತ್ತಿದ್ದರು. ಈಗ ತೋಟದೊಳಗೇ ಜೀಪು ಹೋಗುವ ದಾರಿಯಾಗಿದೆ, ಮನೆಬಾಗಿಲಿನಲ್ಲಿ ಮೋಟಾರು ಸೈಕಲ್ ನಿಂತಿದೆ. ದುಡಿಮೆ ಇಳಿಯಿತು, ಆದರೆ ತಟ್ಟೆಯ ಅನ್ನ ಇಳಿಯಲಿಲ್ಲ.

ಸೆಣಬಿನ ಗಿರಣಿಯ ಪಾಠ

ಕೆಲಸ ಕಡಮೆಯಾದರೆ ಹಸಿವೂ ತಾನಾಗಿ ಕಡಮೆಯಾಗಬೇಡವೆ ಎಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರ ನಮ್ಮ ದೇಶದಲ್ಲಿಯೇ ದೊರೆಯಿತು. ಜ್ಯಾನ್ ಮೇಯರ್ ಎಂಬ ವಿಜ್ಞಾನಿಯೂ ಆತನ ಭಾರತೀಯ ಸಹೋದ್ಯೋಗಿಗಳೂ ಪಶ್ಚಿಮ ಬಂಗಾಳದ ಒಂದು ಸೆಣಬಿನ ಗಿರಣಿಯ ಇನ್ನೂರಕ್ಕೂ ಹೆಚ್ಚು ಗಂಡಸರ ಊಟ, ದುಡಿಮೆ, ತೂಕಗಳನ್ನು ಪರೀಕ್ಷಿಸಿ ೧೯೫೬ರಲ್ಲಿ ಪ್ರಕಟಿಸಿದರು. ಹಗುರವಾದ ಕೆಲಸದಿಂದ ಕಠಿಣವಾದ ಕೆಲಸದ ವರೆಗೆ ಶ್ರಮ ಹೆಚ್ಚಿದಂತೆ ಊಟವೂ ಹೆಚ್ಚಿತ್ತು, ತೂಕ ಮಾತ್ರ ಒಂದೇ ಮಟ್ಟದಲ್ಲಿತ್ತು. ಆದರೆ ದಿನವಿಡೀ ಕುಳಿತೇ ಇರುವ ಅಂಗಡಿಯವರೂ ಮೇಲ್ವಿಚಾರಕರೂ ಕಡಮೆ ತಿನ್ನುತ್ತಿರಲಿಲ್ಲ. ಮೂಟೆ ಹೊರುವವರಷ್ಟೇ ತಿನ್ನುತ್ತಿದ್ದರು! ಅವರ ತೂಕವೇ ಎಲ್ಲರಿಗಿಂತ ಹೆಚ್ಚಾಗಿದ್ದಿತು. ಒಂದು ಮಿತಿಗಿಂತ ಚಟುವಟಿಕೆ ಇಳಿದರೆ ಹಸಿವು ಸರಿಯಾದ ಸಾಕ್ಷಿ ಹೇಳುವುದಿಲ್ಲವೆಂಬುದು ಇದರ ತಾತ್ಪರ್ಯ. ಲಂಡನ್ನಿನಲ್ಲಿ ಜೆರಿ ಮಾರಿಸ್ ೧೯೫೩ರಲ್ಲಿ ಇಂಥದೇ ಇನ್ನೊಂದು ಸಂಗತಿಯನ್ನು ತೋರಿಸಿದ್ದನು. ಎರಡು ಅಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕುಳಿತೇ ಇರುವ ಚಾಲಕರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡುಬಂದಿತು.

ಅವಸರದ ಉಪವಾಸ

ತೂಕ ನೋಡಿ ಬೆದರಿದವರು ಮೊದಲು ಮಾಡುವುದು ಉಪವಾಸ. ಒಂದು ವಾರ ಅನ್ನ ಬಿಟ್ಟರೆ ಎರಡು ಕಿಲೋಗ್ರಾಂ ಇಳಿಯುವುದೂ ನಿಜ. ಆದರೆ ಇಳಿದುದು ಯಾವುದು? ಕಾಫಿ ಕಣವನ್ನು ಬಲ್ಲವರಿಗೆ ಇದು ಬೇಗ ಅರ್ಥವಾದೀತು. ತೊಳೆದ ಬೀಜವನ್ನು ಕಣದಲ್ಲಿ ಹರಡಿದಾಗ ಅದರ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಬಿಸಿಲಿಗೆ ಒಣಗಿದಂತೆ ತೂಕ ಇಳಿಯುವುದು. ಆದರೆ ಬೀಜವೊಂದೂ ಕಳೆದುಹೋಗಿರುವುದಿಲ್ಲ. ನಮ್ಮ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೊಜನ್ ಎಂಬ ಪಿಷ್ಟ ಸುಮಾರು ಅರ್ಧ ಕಿಲೋಗ್ರಾಮಿನಷ್ಟು ಇರುತ್ತದೆ. ಅದರ ಒಂದೊಂದು ಗ್ರಾಮಿನೊಡನೆ ಸುಮಾರು ೩ ಗ್ರಾಂ ನೀರು ಸೇರಿರುತ್ತದೆ. ಊಟ ಬಿಟ್ಟೊಡನೆ ದೇಹ ಮೊದಲು ಖರ್ಚುಮಾಡುವುದು ಇದನ್ನೇ. ಆದುದರಿಂದ ಮೊದಲ ವಾರದ ಇಳಿಕೆಯಲ್ಲಿ ನೀರಿನ ಪಾಲೇ ಹೆಚ್ಚು. ಮತ್ತೆ ಎರಡು ದಿನ ಉಂಡರೆ ಅದು ಹಿಂದಕ್ಕೆ ಬರುವುದು.

ಉಪವಾಸವನ್ನು ತಿಂಗಳುಗಟ್ಟಲೆ ಮುಂದುವರಿಸಿದರೆ ಏನಾಗುವುದು? ಅಮೆರಿಕದ ಮಿನೆಸೋಟದಲ್ಲಿ ೧೯೪೪-೪೫ರಲ್ಲಿ ಆನ್ಸೆಲ್ ಕೀಸ್ ಎಂಬಾತ, ತಾವಾಗಿಯೇ ಒಪ್ಪಿಬಂದ ೩೬ ಮಂದಿ ತರುಣರಿಗೆ ಆರು ತಿಂಗಳ ಕಾಲ ಸುಮಾರು ಅರ್ಧ ಆಹಾರವನ್ನೇ ಕೊಟ್ಟು ನೋಡಿದನು. ಅವರು ತಮ್ಮ ತೂಕದ ಕಾಲು ಭಾಗವನ್ನು ಕಳೆದುಕೊಂಡರು. ಜೊತೆಗೆ ಉತ್ಸಾಹವನ್ನೂ ಕಳೆದುಕೊಂಡರು. ಅವರ ದೇಹ ಖರ್ಚನ್ನೂ ತಗ್ಗಿಸಿಕೊಂಡಿತು. ಮನಸ್ಸು ಹಗಲಿರುಳೂ ಊಟವನ್ನೇ ಧ್ಯಾನಿಸಿತು. ಆಹಾರ ಮತ್ತೆ ದೊರೆತಾಗ ಕೊಬ್ಬು ಮೊದಲಿದ್ದುದಕ್ಕಿಂತ ಹೆಚ್ಚಾಗಿ ಸೇರಿತು. ಬರಗಾಲ ಬಂದಿತೆಂದು ದೇಹ ತಿಳಿದುಕೊಂಡರೆ ಅದು ತನ್ನ ರಕ್ಷಣೆಗೆ ನಿಲ್ಲುವುದು ಸಹಜವೇ. ಇದು ಇಚ್ಛಾಶಕ್ತಿಯ ದೋಷವಲ್ಲ.

ನೂರು ಕ್ಯಾಲೊರಿಯ ಮಹಿಮೆ

ಹಾಗಾದರೆ ದೇಹ ಬೆದರದಂತೆ, ಸ್ವಲ್ಪವೇ ತಗ್ಗಿಸಿದರೆ? ದಿನಕ್ಕೆ ೧೦೦ ಕ್ಯಾಲೊರಿಯೆಂದರೆ ವರ್ಷಕ್ಕೆ ೩೬,೫೦೦. ಇದನ್ನು ೭,೭೦೦ರಿಂದ ಭಾಗಿಸಿದರೆ ಸುಮಾರು ೪.೭ ಕಿಲೋಗ್ರಾಂ. ಇದೇ ಲೆಕ್ಕವನ್ನು ಹತ್ತು ವರ್ಷಕ್ಕೆ ಎಳೆದರೆ ೪೭ ಕಿಲೋಗ್ರಾಂ ಇಳಿಯಬೇಕಾಗುವುದು. ಅದು ಅಸಂಭವ. ತೂಕ ಇಳಿದಂತೆ ದೇಹಕ್ಕೆ ಬೇಕಾಗುವ ಶಕ್ತಿಯೂ ಇಳಿಯುತ್ತದೆ. ಚಿಕ್ಕ ಗಾಡಿಯನ್ನು ಎಳೆಯಲು ಚಿಕ್ಕ ಎತ್ತು ಸಾಕಾಗುವಂತೆ. ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು ಇದನ್ನೆಲ್ಲ ಗಣಿಸಿ ೨೦೧೧ರಲ್ಲಿ ಒಂದು ಸೂತ್ರವನ್ನು ಕೊಟ್ಟರು. ದಿನದ ಆಹಾರದಲ್ಲಿ ೨೪ ಕ್ಯಾಲೊರಿಗಳನ್ನು ಶಾಶ್ವತವಾಗಿ ತಗ್ಗಿಸಿದರೆ ಕೊನೆಗೆ ಸುಮಾರು ಒಂದು ಕಿಲೋಗ್ರಾಂ ಇಳಿಯುವುದು. ಅದರಲ್ಲಿ ಅರ್ಧ ಇಳಿಯಲು ಒಂದು ವರ್ಷವೂ, ಬಹುಪಾಲು ಇಳಿಯಲು ಮೂರು ವರ್ಷವೂ ಹಿಡಿಯುವುದು. ಅಂದರೆ ೧೦೦ ಕ್ಯಾಲೊರಿಗೆ ಮೊದಲ ವರ್ಷ ೨ ಕಿಲೋಗ್ರಾಂ, ಕೊನೆಗೆ ೪.

ಈ ಸೂತ್ರದಲ್ಲಿ ‘ಶಾಶ್ವತವಾಗಿ’ ಎಂಬ ಮಾತೇ ಮುಖ್ಯವಾದುದು. ಬಿಟ್ಟ ಚಮಚೆಯನ್ನು ಮತ್ತೆ ಹಿಡಿದರೆ ಬಿಟ್ಟುಹೋದ ತೂಕವೂ ಅದೇ ದಾರಿಯಲ್ಲಿ ಹಿಂದಿರುಗುವುದು. ಆದಕಾರಣ ಜೀವಮಾನವೆಲ್ಲ ನಡೆಸಲಾಗದ ಬದಲಾವಣೆಗೆ ಕೈಹಾಕಿ ಪ್ರಯೋಜನವಿಲ್ಲ.

ಒಂದು ಲೋಟ ಕಾಫಿ

ಬಾಬಾಬುಡನ್ನರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವುಳ್ಳ ನಾಡಿನಲ್ಲಿ ಕಾಫಿಯನ್ನು ಬಿಡಿರೆಂದು ಹೇಳುವ ಧೈರ್ಯ ಯಾರಿಗಿದೆ? ಹೇಳಬೇಕಾದ ಅಗತ್ಯವೂ ಇಲ್ಲ. ಬರಿಯ ಡಿಕಾಕ್ಷನ್ನಿನಲ್ಲಿ ಕ್ಯಾಲೊರಿಗಳು ಇಲ್ಲವೆಂದರೂ ಸಲ್ಲುವುದು. ತೂಕವನ್ನು ತರುವುದು ಅದರ ಸಂಗಾತಿಗಳು. ಒಂದು ಚಮಚೆ ಸಕ್ಕರೆ ೫ ಗ್ರಾಂ. ಅಂದರೆ ೨೦ ಕ್ಯಾಲೊರಿ. ಲೋಟಕ್ಕೆ ಎರಡು ಚಮಚೆಯಂತೆ ದಿನಕ್ಕೆ ನಾಲ್ಕು ಲೋಟ ಕುಡಿದರೆ ಸಕ್ಕರೆಯಿಂದಲೇ ೧೬೦ ಕ್ಯಾಲೊರಿ ಬಂದಿತು. ಮಲೆನಾಡಿನಲ್ಲಿ ನಾಲ್ಕಕ್ಕೇ ನಿಲ್ಲುವುದು ಕಷ್ಟ; ಹೋದ ಮನೆಯಲ್ಲೆಲ್ಲ ಲೋಟ ಎದುರಿಗೆ ಬರುವುದು, ಬೇಡವೆಂದರೆ ಮನೆಯವರು ನೊಂದುಕೊಳ್ಳುವರು. ಬೆಲ್ಲದ ಕಾಫಿಯಾದರೆ ಬಾಧಕವಿಲ್ಲವೆಂದು ನಂಬಿದವರುಂಟು. ರುಚಿಯ ಮಾತು ಬೇರೆ. ಕ್ಯಾಲೊರಿಯ ಲೆಕ್ಕದಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಹೆಚ್ಚಿನ ಅಂತರವಿಲ್ಲ.

ಇಲ್ಲಿ ಸಾಧ್ಯವಾದ ಚಿಕ್ಕ ಬದಲಾವಣೆ ಯಾವುದು? ಎರಡು ಚಮಚೆಯನ್ನು ಒಂದೇ ಸಲ ಸೊನ್ನೆಗೆ ಇಳಿಸಿದರೆ ಮೂರನೆಯ ದಿನ ನಾಲಗೆ ದಂಗೆಯೇಳುವುದು. ಮೊದಲ ಹದಿನೈದು ದಿನ ಒಂದೂವರೆ, ಅನಂತರ ಒಂದು ಎಂದು ಮೆಲ್ಲಮೆಲ್ಲನೆ ಇಳಿಸಿದರೆ ಅದು ಒಗ್ಗಿಕೊಳ್ಳುವುದು. ಒಂದು ಚಮಚೆಗೆ ನಿಂತರೂ ನಾಲ್ಕು ಲೋಟಗಳಲ್ಲಿ ದಿನಕ್ಕೆ ೮೦ ಕ್ಯಾಲೊರಿ ಉಳಿಯುವುದು. ಅತಿಥಿಗಳಿಗೆ ಕಾಫಿಯನ್ನು ಚಿಕ್ಕ ಲೋಟದಲ್ಲಿ ಕೊಟ್ಟು, ಸಕ್ಕರೆಯನ್ನು ಬೇರೆ ಬಟ್ಟಲಿನಲ್ಲಿ ಇಟ್ಟರೆ ಆದರಕ್ಕೂ ಕುಂದಿಲ್ಲ, ಆರೋಗ್ಯಕ್ಕೂ ಕುಂದಿಲ್ಲ.

ಅಡಿಗೆಮನೆಯ ಮಾತೂ ಹೀಗೆಯೇ. ಒಂದು ಚಿಕ್ಕ ಚಮಚೆ ಎಣ್ಣೆ ೪೫ ಕ್ಯಾಲೊರಿ. ಕಾವಲಿಯ ಮೇಲೆ ಎಣ್ಣೆ ಸುರಿದು ತಟ್ಟಿದ ರೊಟ್ಟಿಗೂ, ಮಲೆನಾಡಿನ ಹಳೆಯ ಕ್ರಮದಂತೆ ಉಕ್ಕರಿಸಿದ ಹಿಟ್ಟನ್ನು ಲಟ್ಟಿಸಿ ಕೆಂಡದ ಮೇಲೆ ಉಬ್ಬಿಸಿದ ಅಕ್ಕಿರೊಟ್ಟಿಗೂ ಇರುವ ಅಂತರ ಇದರಿಂದ ತಿಳಿಯುವುದು. ಹಬೆಯಲ್ಲಿ ಬೆಂದ ಕಡುಬಿಗೆ ಎಣ್ಣೆಯ ಹಂಗಿಲ್ಲ. ಮಳೆಗಾಲದ ಸಂಜೆಯಲ್ಲಿ ಹಲಸಿನ ಹಪ್ಪಳವನ್ನು ಕರಿಯುವ ಬದಲು ಕೆಂಡದಲ್ಲಿ ಸುಟ್ಟರೆ ಸಾಕು. ಅನ್ನ ಬಡಿಸಿಕೊಳ್ಳುವ ಮೊದಲೇ ಸೊಪ್ಪಿನ ಪಲ್ಯ, ಹುರುಳಿಯ ಸಾರು, ಅಲಸಂದೆಯಂಥವು ತಟ್ಟೆಯನ್ನು ಸೇರಿದರೆ ಅನ್ನಕ್ಕೆ ಉಳಿಯುವ ಜಾಗ ತಾನಾಗಿಯೇ ಚಿಕ್ಕದಾಗುವುದು. ನಾರೂ ಸಸಾರಜನಕವೂ ಹೆಚ್ಚಾದ ಊಟ ಬಹಳ ಹೊತ್ತು ಹಸಿವನ್ನು ತಡೆಯುವುದು.

ಏರು ದಾರಿಯ ಬೆಲೆ

ಬಯಲುಸೀಮೆಯವರಿಗೆ ಇಲ್ಲದ ಒಂದು ವ್ಯಾಯಾಮಶಾಲೆ ಮಲೆನಾಡಿನವರ ಮನೆಯ ಹಿತ್ತಲಿನಲ್ಲಿಯೇ ಇದೆ. ೭೫ ಕಿಲೋಗ್ರಾಂ ತೂಕದವರು ೧೦೦ ಮೀಟರು ಎತ್ತರಕ್ಕೆ ಏರಿದರೆ ಭೂಮಿಯ ಸೆಳೆತದ ವಿರುದ್ಧ ಮಾಡುವ ಕೆಲಸ ಸುಮಾರು ೧೭.೬ ಕ್ಯಾಲೊರಿಗೆ ಸಮ. ಆದರೆ ನಮ್ಮ ಸ್ನಾಯುಗಳು ತಾವು ಉರಿಸಿದ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲವು. ಮಿಕ್ಕುದು ಶಾಖವಾಗಿ ಬೆವರಿನೊಡನೆ ಹೋಗುವುದು. ಆದುದರಿಂದ ನಿಜವಾದ ಖರ್ಚು ಅದರ ನಾಲ್ಕರಷ್ಟು. ಎಂದರೆ ೭೦ ಕ್ಯಾಲೊರಿ. ತೋಟದ ಕೆಳಗಿನ ಹಳ್ಳದಿಂದ ಮೇಲಿನ ರಸ್ತೆಯ ವರೆಗಿನ ಏರಿಕೆ ಎಷ್ಟೋ ಕಡೆ ಇಷ್ಟಿರುತ್ತದೆ. ಜೀಪನ್ನು ಮೇಲೆಯೇ ನಿಲ್ಲಿಸಿ ದಿನಕ್ಕೊಮ್ಮೆ ಕಾಲ್ನಡಿಗೆಯಲ್ಲಿ ಇಳಿದು ಹತ್ತಿದರೆ ಬೇರೆ ಕಸರತ್ತು ಬೇಡ.

ಅಡಚಣೆಗಳಿಲ್ಲವೆಂದಲ್ಲ. ಆಷಾಢದ ಮಳೆಯಲ್ಲಿ ಜಿಗಣೆಗಳಿಗೆ ಔತಣವಾಗಲು ಯಾರೂ ಹೊರಡಲಾರರು. ಕಾಡಾನೆಗಳು ಓಡಾಡುವ ಮೂಡಿಗೆರೆಯಂಥ ಕಡೆ ಮುಂಜಾನೆಯ, ಮುಚ್ಚಂಜೆಯ ನಡಿಗೆ ಅಪಾಯಕರ. ಬೆಳಕು ಚೆನ್ನಾಗಿ ಹರಿದ ಮೇಲೆಯೇ ನಡೆಯಬೇಕು. ಮಳೆಗಾಲಕ್ಕೆ ಉದ್ದನೆಯ ಜಗಲಿ, ಅಟ್ಟದ ಮೆಟ್ಟಿಲು, ಖಾಲಿಯಾದ ಕಣದ ಮನೆ ಇವೇ ಸಾಕು.

ರೂಢಿ ಬೇರೂರುವ ಬಗೆ

ನಮ್ಮ ರೈಟರ ಲೆಕ್ಕವನ್ನು ಈಗ ಕೂಡಿಸೋಣ. ಸಕ್ಕರೆಯಿಂದ ೮೦, ಒಂದು ಚಮಚೆ ಎಣ್ಣೆಯಿಂದ ೪೫, ಏರು ದಾರಿಯಿಂದ ೭೦, ಒಟ್ಟು ೧೯೫. ಸೂತ್ರದಂತೆ ಮೊದಲ ವರ್ಷವೇ ೪ ಕಿಲೋಗ್ರಾಂ ಇಳಿಯಬೇಕು. ಆದರೆ ನಡೆದು ಬಂದ ದಿನ ಹಸಿವು ತುಸು ಹೆಚ್ಚುವುದು, ಮದುವೆಮನೆಯಲ್ಲಿ ಕಟ್ಟು ಸಡಿಲುವುದು. ಅರ್ಧವೇ ಸಿದ್ಧಿಸಿದರೂ ವರ್ಷಕ್ಕೆ ಒಂದು ಕಿಲೋಗ್ರಾಂ ಏರುತ್ತಿದ್ದವರು ಎರಡು ಕಿಲೋಗ್ರಾಂ ಇಳಿದಂತಾಯಿತು. ಅದೇನು ಕಡಮೆಯೆ?

ಹೊಸ ನಡವಳಿಕೆ ರೂಢಿಯಾಗಲು ಎಷ್ಟು ದಿನ ಬೇಕು? ಲಂಡನ್ನಿನಲ್ಲಿ ೯೬ ಮಂದಿಯನ್ನು ಪರೀಕ್ಷಿಸಿ ೨೦೧೦ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಂತೆ, ನಡುಮಧ್ಯದ ಅಂಕ ೬೬ ದಿನ. ಕೆಲವರಿಗೆ ೧೮ ದಿನ ಸಾಕು, ಕೆಲವರಿಗೆ ೨೫೪ ಬೇಕು. ನಡುವೆ ಒಂದು ದಿನ ತಪ್ಪಿದರೆ ಕೆಡುಕೇನೂ ಆಗಲಿಲ್ಲವೆಂಬುದು ಆ ಅಧ್ಯಯನದ ಇನ್ನೊಂದು ಸಮಾಧಾನದ ಮಾತು. ಹೊಸ ರೂಢಿಯನ್ನು ಹಳೆಯ ರೂಢಿಯೊಂದಕ್ಕೆ ಕಟ್ಟಿಹಾಕುವುದು ಜಾಣತನ. ಮೆಣಸಿನ ಬಳ್ಳಿಯನ್ನು ನೆರಳಿನ ಮರಕ್ಕೆ ಕಟ್ಟಿದಂತೆ. ‘ಬೆಳಗಿನ ಕಾಫಿಯ ಲೋಟವನ್ನು ಇಟ್ಟೊಡನೆ ಹಳ್ಳದ ವರೆಗೆ ಹೋಗಿಬರುವೆನು’ ಎಂದು ನಿಶ್ಚಯಿಸಿದರೆ ಲೋಟವೇ ನಡಿಗೆಯನ್ನು ನೆನಪಿಸುವುದು. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿನಲ್ಲಿ ತೂಕ ನೋಡಿ ಬರೆದಿಟ್ಟರೆ ಸಾಕು. ದಿನದಿನದ ಏರಿಳಿತ ನೀರಿನದು, ಅದಕ್ಕೆ ಹೆದರಬೇಕಾದುದಿಲ್ಲ.

ಇದರ ಫಲ ತಕ್ಕಡಿಯ ಮೇಲೆ ಮಾತ್ರ ಕಾಣುವುದಲ್ಲ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು ೨೦೦೨ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತೂಕವನ್ನು ನೂರಕ್ಕೆ ೭ರಷ್ಟು ತಗ್ಗಿಸಿ ವಾರಕ್ಕೆ ೧೫೦ ನಿಮಿಷ ನಡೆಯುವ ಗುರಿಯಿಟ್ಟುಕೊಂಡವರಲ್ಲಿ ಆ ಕಾಯಿಲೆಯ ಸಂಭವ ನೂರಕ್ಕೆ ೫೮ರಷ್ಟು ಕಡಮೆಯಾಯಿತು. ಚೆನ್ನೈಯಲ್ಲಿ ಎ. ರಾಮಚಂದ್ರನ್ ಮತ್ತು ಸಂಗಡಿಗರು ನಡೆಸಿ ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಇಳಿತ ನೂರಕ್ಕೆ ೨೮.೫, ಅದೂ ತೂಕ ಹೆಚ್ಚೇನೂ ಇಳಿಯದೆ, ನಡಿಗೆ ಮತ್ತು ಊಟದ ಹಿತಮಿತದಿಂದಲೇ. ಮುಳ್ಳು ಕದಲದಿದ್ದರೂ ನಡಿಗೆ ವ್ಯರ್ಥವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ?

ಇಲ್ಲಿ ಎಚ್ಚರಿಕೆಯ ಎರಡು ಮಾತು. ಇದು ಎಲ್ಲರಿಗೂ ಹೇಳಿದ ಮಾತಲ್ಲ. ದಿನವಿಡೀ ಗುಡ್ಡ ಹತ್ತಿ ಚೀಲ ಹೊರುವ, ತೆಳ್ಳಗಿನ ಮೈಯ ಕೆಲಸಗಾರರಿಗೆ ಬೇಕಾದುದು ಹೆಚ್ಚಿನ ಊಟ. ಬೆಳೆಯುವ ಮಕ್ಕಳೂ ಗರ್ಭಿಣಿಯರೂ ತೂಕ ಇಳಿಸಲು ಹೋಗಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಊಟವನ್ನು ಬದಲಿಸಬೇಕು. ಏನೂ ಮಾಡದೆಯೇ ತೂಕ ಇಳಿಯತೊಡಗಿದರೆ ಸಂತೋಷಪಡದೆ ವೈದ್ಯರಲ್ಲಿಗೆ ಹೋಗಬೇಕು.

ಕಾಫಿ ಗಿಡ ಅವಸರವನ್ನು ಅರಿಯದು. ಮಾರ್ಚ್-ಏಪ್ರಿಲಿನ ಹೂಮಳೆಗೆ ಅರಳಿದ ಅರೇಬಿಕಾ ಹೂವು ಕೆಂಪು ಹಣ್ಣಾಗಲು ಎಂಟೊಂಬತ್ತು ತಿಂಗಳು ಬೇಕು. ಹೂಮಳೆಯ ದಿನ ಒಂದು ಚಮಚೆ ಸಕ್ಕರೆಯನ್ನು ಬಿಡಲು ತೊಡಗಿದವರಿಗೆ ಮುಂಗಾರು ಬರುವ ಹೊತ್ತಿಗೆ ಅದು ರೂಢಿಯಾಗಿರುವುದು. ಕೊಯ್ಲಿನ ಸಂಜೆ ತಕ್ಕಡಿಯನ್ನು ಏರುವಾಗ ಮುಳ್ಳು ಕಳೆದ ಸಲಕ್ಕಿಂತ ಒಂದೆರಡು ಗೆರೆ ಹಿಂದೆ ನಿಲ್ಲುವುದು. ಚೀಲಗಳ ಪುಸ್ತಕದ ಕೊನೆಯ ಹಾಳೆಯಲ್ಲಿ ರೈಟರು ಆ ಅಂಕವನ್ನೂ ಬರೆದಿಟ್ಟುಕೊಳ್ಳಲಿ. ಮುಂದಿನ ಕೊಯ್ಲಿಗೆ ಅದು ಬೇಕಾಗುವುದು.